ಎರಡು ವರ್ಷದ ನರ್ಸಿಂಗ್: ಅಮೆರಿಕದ ಸಮುದಾಯ ಕಾಲೇಜಿನ ಬಾಗಿಲು ತೆರೆದ ಬಗೆ



ಅಮೆರಿಕದಲ್ಲಿ ನೆಲೆಸಿರುವ ನಿಮ್ಮ ಸಂಬಂಧಿಕರಲ್ಲಿ ಒಬ್ಬಾಕೆ ರಜೆಗೆ ಊರಿಗೆ ಬಂದಿದ್ದಾಗ, "ಮಕ್ಕಳು ಶಾಲೆಗೆ ಹೋಗತೊಡಗಿದ್ದಾರೆ, ಇನ್ನು ನಾನು ಕಮ್ಯೂನಿಟಿ ಕಾಲೇಜಿಗೆ ಸೇರಿ ನರ್ಸಿಂಗ್ ಮಾಡಬೇಕೆಂದಿದ್ದೇನೆ, ಎರಡು ವರ್ಷದ ಕೋರ್ಸು" ಎಂದಳೆಂದು ಭಾವಿಸಿ. ಮನೆಯ ಹಿರಿಯರು ಏನು ಕೇಳುತ್ತಾರೆಂದು ನಿಮಗೆ ಗೊತ್ತು. ಎರಡೇ ವರ್ಷವಾದರೆ ಪೂರ್ಣ ನರ್ಸ್ ಆದಂತಾಯಿತೇ? ಮದುವೆಯಾಗಿ ಎರಡು ಮಕ್ಕಳಾದ ಮೇಲೆ ನಿನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ? ಸೇರಿಸಿಕೊಂಡರೂ ಅದಕ್ಕೆ ತಯಾರಿ ಏನು?

ಈ ಮೂರು ಪ್ರಶ್ನೆಗಳಿಗೂ ಉತ್ತರ ಹುಡುಕಬೇಕಾದರೆ ಆ ಕೋರ್ಸಿನ ಇತಿಹಾಸವನ್ನೇ ನೋಡಬೇಕು. ಅಂದು ಯಾರಿಗೆ ನರ್ಸಿಂಗ್ ಶಾಲೆಯ ಬಾಗಿಲು ಮುಚ್ಚಿತ್ತೋ ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕೋರ್ಸು ಅದು. ಬಾಗಿಲು ತೆರೆಯಿತು, ನಿಜ. ಆದರೆ ಕಾಲಕ್ರಮದಲ್ಲಿ ಆ ಬಾಗಿಲ ಮುಂದೆ ಉದ್ದನೆಯ ಸಾಲು ಬೆಳೆಯಿತು. ಇಂದು ಅರ್ಜಿ ಹಾಕುವವರು ಈ ಎರಡನ್ನೂ ತಿಳಿದಿರಬೇಕು.

ನಮ್ಮಲ್ಲಿ ಎರಡು ವರ್ಷದ ನರ್ಸಿಂಗ್ ಎಂದರೆ ಎ.ಎನ್.ಎಂ. ನೆನಪಿಗೆ ಬರುತ್ತದೆ. ಗ್ರಾಮಗಳ ಉಪಕೇಂದ್ರಗಳಲ್ಲಿ ತಾಯಿ ಮಗುವಿನ ಆರೋಗ್ಯ ನೋಡಿಕೊಳ್ಳುವ ಸಹೋದರಿಯರ ತರಬೇತಿ ಅದು. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಲು ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಬೇಕು. ಅಮೆರಿಕದ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯನ್ನು ನಮ್ಮ ಎ.ಎನ್.ಎಂ. ಜೊತೆ ಹೋಲಿಸುವುದು ತಪ್ಪು. ಅದನ್ನು ಮುಗಿಸಿದವರೂ ನಾಲ್ಕು ವರ್ಷದ ಪದವಿ ಮುಗಿಸಿದವರೂ ಬರೆಯುವ ಲೈಸೆನ್ಸ್ ಪರೀಕ್ಷೆ ಒಂದೇ. ಪಾಸಾದರೆ ಇಬ್ಬರಿಗೂ ಸಿಗುವ ಹೆಸರು ರಿಜಿಸ್ಟರ್ಡ್ ನರ್ಸ್. ಇದು ಹೇಗೆ ಸಾಧ್ಯವಾಯಿತು?

ವಾರ್ಡಿನಲ್ಲಿ ದುಡಿಯುತ್ತಾ ಕಲಿತ ಕಾಲ

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನಿಧಿಯಿಂದ ನರ್ಸಿಂಗ್ ಶಾಲೆ ಆರಂಭವಾದದ್ದನ್ನು ನೀವು ಪಾಠಪುಸ್ತಕಗಳಲ್ಲಿ ಓದಿರಬಹುದು. ಅದೇ ಮಾದರಿಯಲ್ಲಿ 1873ರಲ್ಲಿ ಅಮೆರಿಕದ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬೋಸ್ಟನ್ ನಗರಗಳಲ್ಲಿ ಮೂರು ಶಾಲೆಗಳು ತೆರೆದವು. 1900ರ ವೇಳೆಗೆ ಇಂಥ ಶಾಲೆಗಳ ಸಂಖ್ಯೆ 400 ದಾಟಿತ್ತು. ಇಷ್ಟು ವೇಗದ ಬೆಳವಣಿಗೆಗೆ ವಿದ್ಯೆಯ ಮೇಲಿನ ಪ್ರೀತಿ ಮಾತ್ರ ಕಾರಣವೆಂದು ಭಾವಿಸಬೇಡಿ. ಲಂಡನ್ನಿನ ಶಾಲೆಗೆ ತನ್ನದೇ ನಿಧಿ ಇತ್ತು. ಅಮೆರಿಕದ ಬಹುತೇಕ ಶಾಲೆಗಳಿಗೆ ಆಸ್ಪತ್ರೆಯ ಗಲ್ಲಾಪೆಟ್ಟಿಗೆಯೇ ಗತಿ. ಶಾಲೆಯೊಂದನ್ನು ತೆರೆದರೆ ಊಟ, ವಸತಿ ಮತ್ತು ಸಣ್ಣ ಭತ್ಯೆಗೆ ದಿನವಿಡೀ ದುಡಿಯುವ ಹುಡುಗಿಯರು ಸಿಗುತ್ತಾರೆಂಬುದು ಆಸ್ಪತ್ರೆಗಳಿಗೆ ಬಹಳ ಬೇಗ ಅರ್ಥವಾಯಿತು.

ಆ ಹುಡುಗಿಯರ ದಿನ ಹೇಗಿತ್ತು? ಹಗಲೆಲ್ಲ ವಾರ್ಡಿನ ಕೆಲಸ, ದಣಿದು ಬಂದ ಮೇಲೆ ಸಂಜೆ ಪಾಠ. ರೋಗಿಗಳು ಹೆಚ್ಚಾದ ದಿನ ಆ ಪಾಠವೂ ಇಲ್ಲ. ಮಕ್ಕಳ ವಾರ್ಡಿನಲ್ಲಿ ಕೈ ಕಡಿಮೆ ಇದ್ದರೆ ವಿದ್ಯಾರ್ಥಿನಿ ಅಲ್ಲಿಯೇ ತಿಂಗಳುಗಟ್ಟಲೆ ಇರಬೇಕು; ಆಕೆ ಇನ್ನೂ ಹೆರಿಗೆ ವಾರ್ಡನ್ನೇ ನೋಡಿಲ್ಲವೆಂಬುದು ಯಾರ ತಲೆನೋವೂ ಅಲ್ಲ. ಮೂರು ವರ್ಷ ಹೀಗೆ ದುಡಿಸಿಕೊಂಡು ಪ್ರಮಾಣಪತ್ರ ಕೊಟ್ಟ ಆಸ್ಪತ್ರೆ ಆಕೆಯನ್ನು ನೌಕರಿಗೆ ತೆಗೆದುಕೊಳ್ಳುತ್ತಿದ್ದುದು ಅಪರೂಪ. ಮುಂದಿನ ತಂಡದ ವಿದ್ಯಾರ್ಥಿನಿಯರು ಬಾಗಿಲಲ್ಲಿ ನಿಂತಿರುವಾಗ ಸಂಬಳ ಕೊಟ್ಟು ನರ್ಸನ್ನು ಇಟ್ಟುಕೊಳ್ಳುವುದೇಕೆ? ತರಬೇತಿ ಮುಗಿಸಿದವರು ಸಿರಿವಂತರ ಮನೆಗಳಿಗೆ ಹೋಗಿ ಖಾಸಗಿಯಾಗಿ ಶುಶ್ರೂಷೆ ಮಾಡಿ ಬದುಕಬೇಕಾಗಿತ್ತು.

ಸೇರುವ ನಿಯಮಗಳೂ ಬಿಗಿಯಾಗಿದ್ದವು. ಅವಿವಾಹಿತೆಯಾಗಿರಬೇಕು, ಯುವತಿಯಾಗಿರಬೇಕು, ಆಸ್ಪತ್ರೆಯ ಹಾಸ್ಟೆಲಿನಲ್ಲೇ ವಾಸಿಸಬೇಕು. ಓದುವಾಗ ಮದುವೆಯಾದರೆ ಅನೇಕ ಕಡೆ ಹೆಸರು ಕಿತ್ತುಹಾಕುತ್ತಿದ್ದರು. ಗಂಡಸರಿಗೆ ಹೆಚ್ಚಿನ ಶಾಲೆಗಳಲ್ಲಿ ಪ್ರವೇಶವಿರಲಿಲ್ಲ. ಕಪ್ಪು ವರ್ಣದವರ ಪಾಡು ಇನ್ನೂ ಕಷ್ಟದ್ದು. ಬೋಸ್ಟನ್ನಿನಲ್ಲಿ 1879ರಲ್ಲಿ ಮೇರಿ ಎಲೈಜಾ ಮಹೋನಿ ತರಬೇತಿ ಮುಗಿಸಿ ಆ ದೇಶದ ಮೊದಲ ಕಪ್ಪು ವರ್ಣದ ತರಬೇತಾದ ನರ್ಸ್ ಎನಿಸಿಕೊಂಡರು. ಆದರೂ ಅವರ ನಂತರ ದಶಕಗಳ ಕಾಲ ಬಹುತೇಕ ಶಾಲೆಗಳು ಅವರ ಜನರಿಗೆ ಬಾಗಿಲು ಮುಚ್ಚಿಯೇ ಇದ್ದವು.

1923ರಲ್ಲಿ ಜೋಸೆಫಿನ್ ಗೋಲ್ಡ್‌ಮಾರ್ಕ್ ಎಂಬ ಸಮಾಜ ಸಂಶೋಧಕಿ ಸಿದ್ಧಪಡಿಸಿದ ದೊಡ್ಡ ವರದಿಯೊಂದು ಈ ವ್ಯವಸ್ಥೆಯನ್ನು ಬಯಲಿಗೆಳೆಯಿತು. ಆಸ್ಪತ್ರೆಯ ಅಗತ್ಯವೂ ವಿದ್ಯಾರ್ಥಿನಿಯ ಕಲಿಕೆಯೂ ಎದುರುಬದುರಾದಾಗ ಗೆಲ್ಲುವುದು ಯಾವಾಗಲೂ ಆಸ್ಪತ್ರೆಯೇ ಎಂಬುದು ಅದರ ತಿರುಳು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಆದರೆ ಯೇಲ್‌ಗೆ ಹೋಗಬಲ್ಲವರು ಎಷ್ಟು ಮಂದಿ? ಸಾಮಾನ್ಯ ಮನೆಗಳ ಹುಡುಗಿಯರಿಗೆ ಆಸ್ಪತ್ರೆ ಶಾಲೆಯೇ ದಾರಿಯಾಗಿ ಉಳಿಯಿತು. ನಮ್ಮ ದೇಶದಲ್ಲಿಯೂ ಕತೆ ಬಹಳ ಬೇರೆಯಲ್ಲ. ಇಲ್ಲಿ ನರ್ಸಿಂಗ್ ಪದವಿ ಶಿಕ್ಷಣ ದೆಹಲಿ ಮತ್ತು ವೆಲ್ಲೂರಿನಲ್ಲಿ ಆರಂಭವಾದದ್ದು 1946ರಲ್ಲಿ. ಅಲ್ಲಿಯವರೆಗೆ ನಮ್ಮ ದಾದಿಯರೂ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿಯುತ್ತಲೇ ಕಲಿತವರು.

ಯುದ್ಧ, ಮತ್ತು ಊರಿನ ಕಾಲೇಜು

ಎರಡನೇ ಮಹಾಯುದ್ಧ ಬಂದಾಗ ಅಮೆರಿಕಕ್ಕೆ ನರ್ಸ್‌ಗಳ ಬರ ಕಾಣಿಸಿತು. 1943ರಲ್ಲಿ ಸಂಸತ್ ಸದಸ್ಯೆ ಫ್ರಾನ್ಸೆಸ್ ಬೋಲ್ಟನ್ ಅವರ ಮಸೂದೆಯ ಮೂಲಕ ಕೆಡೆಟ್ ನರ್ಸ್ ಕೋರ್ ಎಂಬ ಯೋಜನೆ ಹುಟ್ಟಿತು. ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲವೂ ಸರಕಾರದ್ದು. ಜನಾಂಗ ಭೇದ ಕೂಡದೆಂಬ ನಿಯಮವೂ ಕಾನೂನಿನಲ್ಲೇ ಇತ್ತು. 36 ತಿಂಗಳ ತರಬೇತಿಯನ್ನು 30 ತಿಂಗಳಿಗೆ ಇಳಿಸಲಾಯಿತು. 1948ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 1,24,000 ಮಂದಿ ತರಬೇತಿ ಪೂರೈಸಿದ್ದರು. ಈ ಅನುಭವದಿಂದ ಹೊರಬಂದ ಒಂದು ಪ್ರಶ್ನೆಯನ್ನು ಯುದ್ಧ ಮುಗಿದ ಮೇಲೂ ಮರೆಯಲಾಗಲಿಲ್ಲ: ಮೂರು ವರ್ಷದ ಅವಧಿಯಲ್ಲಿ ಕಲಿಕೆ ಎಷ್ಟು, ಚಾಕರಿ ಎಷ್ಟು?

ಶಾಂತಿ ಬಂದರೂ ಬರ ನೀಗಲಿಲ್ಲ. ಹೊಸ ಆಸ್ಪತ್ರೆಗಳು ಏಳುತ್ತಿದ್ದವು, ಪೆನಿಸಿಲಿನ್‌ನಂಥ ಹೊಸ ಔಷಧಗಳು ಬಂದಿದ್ದವು, ಮದುವೆಯಾದ ನರ್ಸ್‌ಗಳು ಕೆಲಸ ಬಿಡುತ್ತಿದ್ದರು. 1948ರಲ್ಲಿ ಎಸ್ತರ್ ಲುಸಿಲ್ ಬ್ರೌನ್ ತಮ್ಮ ವರದಿಯಲ್ಲಿ, ನರ್ಸಿಂಗ್ ಶಿಕ್ಷಣ ಆಸ್ಪತ್ರೆಯಿಂದ ಹೊರಬಂದು ಕಾಲೇಜಿಗೆ ಸೇರಬೇಕೆಂದು ಸ್ಪಷ್ಟವಾಗಿ ಬರೆದರು.

ಆದರೆ ಯಾವ ಕಾಲೇಜಿಗೆ? ಇಲ್ಲಿ ಇನ್ನೊಂದು ಸಂಸ್ಥೆಯ ಪರಿಚಯ ಅಗತ್ಯ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ, ಹೈಸ್ಕೂಲ್ ಮುಗಿಸಿದವರು ಊರು ಬಿಡದೆ ಪದವಿಯ ಮೊದಲ ಎರಡು ವರ್ಷ ಓದುವಂತೆ ಒಂದು ಜೂನಿಯರ್ ಕಾಲೇಜು ಆರಂಭವಾಗಿತ್ತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗ ಇಂಥ ಕಾಲೇಜುಗಳು ದೇಶದೆಲ್ಲೆಡೆ, ಕಡಿಮೆ ಖರ್ಚಿನಲ್ಲಿ, ಮನೆಯಿಂದ ಓಡಾಡುವ ದೂರದಲ್ಲಿ ಇರಬೇಕೆಂದು ಹೇಳಿತು. ಸಮುದಾಯ ಕಾಲೇಜು ಎಂಬ ಹೆಸರನ್ನು ಜನಪ್ರಿಯಗೊಳಿಸಿತು. ಹಾಸ್ಟೆಲ್ ಬೇಕಿಲ್ಲ, ವಯಸ್ಸಿನ ಮಿತಿ ಇಲ್ಲ, ಸಂಜೆಯ ತರಗತಿಗಳಿವೆ. ಆಸ್ಪತ್ರೆಯ ನರ್ಸಿಂಗ್ ಶಾಲೆಗೂ ಇದಕ್ಕೂ ಎಷ್ಟು ಅಂತರವಿತ್ತೆಂಬುದನ್ನು ನೀವೇ ನೋಡಿ.

ಮಿಲ್ಡ್ರೆಡ್ ಮೊಂಟಾಗ್ ಅವರ ಪ್ರಯೋಗ

ಈ ಎರಡು ಎಳೆಗಳನ್ನು ಗಂಟು ಹಾಕಿದವರು ಮಿಲ್ಡ್ರೆಡ್ ಮೊಂಟಾಗ್. 1908ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿದ ಅವರು ಯುದ್ಧಕಾಲದಲ್ಲಿ ನ್ಯೂಯಾರ್ಕ್ ಸಮೀಪದ ಅಡೆಲ್ಫಿ ಕಾಲೇಜಿನ ನರ್ಸಿಂಗ್ ಶಾಲೆಯನ್ನು ನಡೆಸಿದವರು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಅವರು ಮಾಡಿದ ಡಾಕ್ಟರೇಟ್ ಸಂಶೋಧನೆ 1951ರಲ್ಲಿ ಪುಸ್ತಕವಾಗಿ ಹೊರಬಂತು. ನರ್ಸಿಂಗ್ ಕೆಲಸವೆಂಬುದು ಒಂದೇ ತೂಕದ್ದಲ್ಲ ಎಂಬುದು ಅವರ ವಾದ. ಒಂದು ತುದಿಯಲ್ಲಿ ಸಹಾಯಕಿಯ ಸರಳ ಕೆಲಸ. ಇನ್ನೊಂದು ತುದಿಯಲ್ಲಿ ಆಳವಾದ ನಿರ್ಣಯ ಬೇಡುವ, ಯೋಜಿಸುವ ಕೆಲಸ. ಇವೆರಡರ ನಡುವೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆಯುವ, ಕೌಶಲ ಬೇಕಾದ ದೊಡ್ಡ ಪಾಲಿನ ಕೆಲಸವಿದೆ. ಅದಕ್ಕೆ ಬೇಕಾದವರನ್ನು ಎರಡು ವರ್ಷದಲ್ಲಿ ಸಮುದಾಯ ಕಾಲೇಜಿನಲ್ಲಿ ತಯಾರು ಮಾಡಬಹುದು ಎಂದರು. ಅಂಥವರಿಗೆ ಅವರು ಕೊಟ್ಟ ಹೆಸರು ನರ್ಸಿಂಗ್ ಟೆಕ್ನಿಶಿಯನ್.

ಹೇಳಿ ಬಿಟ್ಟವರಲ್ಲ ಅವರು. ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರ ಹಣದಿಂದ 1952ರ ಜನವರಿಯಲ್ಲಿ ಐದು ವರ್ಷಗಳ ಪ್ರಯೋಗವೊಂದು ಆರಂಭವಾಯಿತು. ಏಳು ಕಾಲೇಜುಗಳೂ ಒಂದು ಆಸ್ಪತ್ರೆ ಶಾಲೆಯೂ ಅದರಲ್ಲಿ ಸೇರಿದ್ದವು. ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿ ಸಮುದಾಯ ಕಾಲೇಜು 1952ರಲ್ಲಿ, ಯೂಟಾದ ವೀಬರ್ ಕಾಲೇಜು 1953ರಲ್ಲಿ ತರಗತಿ ತೆರೆದವು.

ಅಲ್ಲಿ ಕಲಿಸಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದಿಗೂ ಆ ಕೋರ್ಸಿನ ಅಸ್ಥಿಪಂಜರ ಅದೇ. ವಿದ್ಯಾರ್ಥಿನಿಯನ್ನು ಆಸ್ಪತ್ರೆಯ ಡ್ಯೂಟಿ ಪಟ್ಟಿಯಿಂದ ತೆಗೆದುಹಾಕಿದರು. ಆಕೆ ಕಾಲೇಜಿನ ಉಳಿದ ವಿದ್ಯಾರ್ಥಿಗಳಂತೆಯೇ ಶುಲ್ಕ ಕಟ್ಟಿ, ಇಂಗ್ಲಿಷ್, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ವಿಜ್ಞಾನಗಳ ತರಗತಿಗಳಲ್ಲಿ ಅವರ ಜೊತೆ ಕೂರುತ್ತಿದ್ದಳು. ಕೋರ್ಸಿನ ಹೆಚ್ಚುಕಡಿಮೆ ಅರ್ಧ ಭಾಗ ಇಂಥ ಸಾಮಾನ್ಯ ವಿಷಯಗಳು. ಆಸ್ಪತ್ರೆಯನ್ನು ರಸಾಯನಶಾಸ್ತ್ರದ ಲ್ಯಾಬಿನಂತೆ ಬಳಸಿಕೊಂಡರು. ಈ ವಾರ ಕಲಿಯಬೇಕಾದದ್ದು ಉಸಿರಾಟದ ತೊಂದರೆಯಾದರೆ, ಅಂಥ ರೋಗಿಯನ್ನೇ ಉಪನ್ಯಾಸಕಿ ಆರಿಸಿ ಕೊಡುತ್ತಿದ್ದರು. ವಾರ್ಡಿಗೆ ಹೋಗುವ ಮುಂಚೆ ಕುಳಿತು ಚರ್ಚೆ, ಬಂದ ಮೇಲೆ ಮತ್ತೊಮ್ಮೆ ಚರ್ಚೆ: ಏನು ನೋಡಿದಿರಿ, ಏಕೆ ಹಾಗೆ ಮಾಡಿದಿರಿ? ಅಂದಿನ ಆಸ್ಪತ್ರೆ ಶಾಲೆಗಳಲ್ಲಿ ಬೆಳೆದ ಹಿರಿಯ ನರ್ಸ್‌ಗಳಿಗೆ ಇದು ಆಟದಂತೆ ಕಂಡಿರಬೇಕು. ಇಷ್ಟು ಕಡಿಮೆ ಗಂಟೆ ವಾರ್ಡಿನಲ್ಲಿದ್ದವರು ನರ್ಸ್ ಹೇಗಾದಾರು ಎಂದು ಅನುಮಾನಪಟ್ಟವರು ಬಹಳ ಮಂದಿ.

ಉತ್ತರ ಪರೀಕ್ಷೆಯಲ್ಲಿ ಸಿಕ್ಕಿತು. ಎರಡು ವರ್ಷ ಓದಿದವರು ಮೂರು ವರ್ಷ ಓದಿದವರೊಂದಿಗೆ ಅದೇ ರಾಜ್ಯ ಲೈಸೆನ್ಸ್ ಪರೀಕ್ಷೆ ಬರೆದು ಅವರಿಗೆ ಕಡಿಮೆಯಿಲ್ಲದಂತೆ ಪಾಸಾದರು. ಪ್ರಯೋಗದ ತರಗತಿಗಳಲ್ಲಿ ಮದುವೆಯಾದವರಿದ್ದರು, ವಯಸ್ಸಾದವರಿದ್ದರು, ಗಂಡಸರೂ ಇದ್ದರು. 1950ರ ದಶಕದ ಕೊನೆಯಲ್ಲಿ ಕೆಲಾಗ್ ಪ್ರತಿಷ್ಠಾನ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ನ್ಯೂಯಾರ್ಕ್ ಮತ್ತು ಟೆಕ್ಸಸ್ ರಾಜ್ಯಗಳಲ್ಲಿ ಈ ಕೋರ್ಸುಗಳನ್ನು ಹರಡಲು ಹಣ ಕೊಟ್ಟಿತು. ಮುಂದೆ ಆಸ್ಪತ್ರೆ ಶಾಲೆಗಳು ಒಂದೊಂದಾಗಿ ಮುಚ್ಚುತ್ತ ಬಂದು, ಆ ಜಾಗವನ್ನು ಸಮುದಾಯ ಕಾಲೇಜುಗಳು ತುಂಬಿದವು.

ಇಲ್ಲೊಂದು ವಿಚಿತ್ರವಿದೆ. ಮೊಂಟಾಗ್ ಬಯಸಿದ್ದು ಪದವೀಧರ ನರ್ಸ್‌ಗಿಂತ ಬೇರೆಯಾದ, ತನ್ನಲ್ಲೇ ಪೂರ್ಣವಾದ ಒಂದು ವರ್ಗವನ್ನು. ಆದರೆ ಅವರ ವಿದ್ಯಾರ್ಥಿಗಳು ಅದೇ ಪರೀಕ್ಷೆಯನ್ನು ಅಷ್ಟು ಚೆನ್ನಾಗಿ ಬರೆದ ಕಾರಣ ಬೇರೆ ವರ್ಗವೆಂಬುದೇ ಉಳಿಯಲಿಲ್ಲ. ಟೆಕ್ನಿಶಿಯನ್ ಎಂಬ ಹೆಸರೂ ನಿಲ್ಲಲಿಲ್ಲ. 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್, ವೃತ್ತಿಪರ ನರ್ಸ್‌ಗೆ ನಾಲ್ಕು ವರ್ಷದ ಪದವಿಯೇ ಕನಿಷ್ಠವಾಗಬೇಕೆಂದು ನಿಲುವು ತಳೆಯಿತು. ನಾರ್ತ್ ಡಕೋಟಾ ರಾಜ್ಯ ಮಾತ್ರ 1987ರಲ್ಲಿ ಅದನ್ನು ಜಾರಿಗೆ ತಂದು, 2003ರಲ್ಲಿ ಹಿಂತೆಗೆದುಕೊಂಡಿತು. ಚರ್ಚೆ ನಿಂತಿಲ್ಲ. 2010ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ, 2020ರೊಳಗೆ ನೂರಕ್ಕೆ 80 ನರ್ಸ್‌ಗಳು ಪದವೀಧರರಾಗಬೇಕೆಂದು ಶಿಫಾರಸು ಮಾಡಿತು. 2017ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯ ಹೊಸದಾಗಿ ಲೈಸೆನ್ಸ್ ಪಡೆಯುವವರು ಹತ್ತು ವರ್ಷದೊಳಗೆ ಬಿ.ಎಸ್. ಮುಗಿಸಬೇಕೆಂಬ ಕಾನೂನು ಮಾಡಿತು. ಮೊಂಟಾಗ್ ಮೆಟ್ಟಿಲಾಗಬಾರದೆಂದು ಕಟ್ಟಿದ ಕೋರ್ಸು ಹೀಗೆ ಮೊದಲ ಮೆಟ್ಟಿಲಾಯಿತು. ನನ್ನ ಅಭಿಪ್ರಾಯದಲ್ಲಿ ಇದರಿಂದ ನಷ್ಟವೇನಿಲ್ಲ. ಎರಡು ವರ್ಷ ಓದಿ, ಕೆಲಸಕ್ಕೆ ಸೇರಿ, ಸಂಬಳ ಪಡೆಯುತ್ತ ಮುಂದಿನ ಪದವಿ ಓದುವುದು ಕೈಯಲ್ಲಿ ಹಣವಿಲ್ಲದ ಕುಟುಂಬಕ್ಕೆ ಒಪ್ಪುವ ದಾರಿ.

ಬಾಗಿಲ ಮುಂದಿನ ಸಾಲು

ಈಗ ಎರಡನೇ ಪ್ರಶ್ನೆಗೆ ಬರೋಣ. ಸಮುದಾಯ ಕಾಲೇಜಿಗೆ ಸೇರುವುದಕ್ಕೂ ಅದರ ನರ್ಸಿಂಗ್ ಕೋರ್ಸಿಗೆ ಸೇರುವುದಕ್ಕೂ ವ್ಯತ್ಯಾಸವಿದೆ. ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿದೆ. ನರ್ಸಿಂಗ್ ತರಗತಿಗೆ ಮಾತ್ರ ಸೀಟುಗಳು ಕಡಿಮೆ. ವಾರ್ಡಿನಲ್ಲಿ ಒಬ್ಬ ಉಪನ್ಯಾಸಕಿ ನೋಡಿಕೊಳ್ಳಬಹುದಾದವರು ಸಾಮಾನ್ಯವಾಗಿ ಎಂಟರಿಂದ ಹತ್ತು ವಿದ್ಯಾರ್ಥಿಗಳು. ಅನುಭವಿ ನರ್ಸ್‌ಗೆ ಆಸ್ಪತ್ರೆ ಕೊಡುವ ಸಂಬಳವನ್ನು ಕಾಲೇಜು ಕೊಡಲಾರದು, ಹಾಗಾಗಿ ಕಲಿಸುವವರೇ ಸಿಗುವುದಿಲ್ಲ. ತರಬೇತಿಗೆ ಆಸ್ಪತ್ರೆಗಳಲ್ಲಿ ಜಾಗವೂ ಸೀಮಿತ. ದೇಶಕ್ಕೆ ನರ್ಸ್‌ಗಳು ಬೇಕು, ಅರ್ಜಿದಾರರು ಸಾಲುಗಟ್ಟಿ ನಿಂತಿದ್ದಾರೆ, ನಡುವೆ ಬಾಗಿಲು ಕಿರಿದು.

ಈ ಸಾಲನ್ನು ಹೇಗೆ ನಿಭಾಯಿಸುವುದೆಂಬುದಕ್ಕೂ ಒಂದು ಇತಿಹಾಸವಿದೆ. ಕ್ಯಾಲಿಫೋರ್ನಿಯಾವನ್ನೇ ನೋಡಿ. ಎಲ್ಲರಿಗೂ ಸಮಾನ ಅವಕಾಶವೆಂಬ ತತ್ವಕ್ಕೆ ಕಟ್ಟುಬಿದ್ದು ಅಲ್ಲಿನ ಅನೇಕ ಕಾಲೇಜುಗಳು ಕನಿಷ್ಠ ಅರ್ಹತೆ ಇರುವವರ ಹೆಸರುಗಳನ್ನು ಚೀಟಿ ಎತ್ತುತ್ತಿದ್ದವು, ಅಥವಾ ಮೊದಲು ಬಂದವರಿಗೆ ಮೊದಲು ಎಂದು ವರ್ಷಗಟ್ಟಲೆ ಕಾಯುವ ಪಟ್ಟಿ ಇಡುತ್ತಿದ್ದವು. ಎಲ್ಲ ವಿಷಯದಲ್ಲೂ ಉತ್ತಮ ಅಂಕ ಪಡೆದಾಕೆ ಚೀಟಿಯಲ್ಲಿ ಹೆಸರು ಬರಲಿಲ್ಲವೆಂದು ಮೂರು ಸಲ ಮನೆಗೆ ಮರಳುವುದು. ಸೀಟು ಸಿಕ್ಕಿದಾತ ಮೊದಲ ಸೆಮಿಸ್ಟರಿನಲ್ಲೇ ಕೋರ್ಸು ಬಿಡುವುದು. 2002ರ ಒಂದು ಅಧ್ಯಯನ ಅಲ್ಲಿ ಕೋರ್ಸು ಮುಗಿಸುವವರು ಯಾರೆಂದು ಹುಡುಕಿ ನಾಲ್ಕು ಅಂಶಗಳನ್ನು ಮುಂದಿಟ್ಟಿತು: ಕಾಲೇಜಿನ ಒಟ್ಟು ಸರಾಸರಿ, ಇಂಗ್ಲಿಷ್ ಅಂಕ, ಮುಖ್ಯ ಜೀವವಿಜ್ಞಾನ ವಿಷಯಗಳ ಸರಾಸರಿ, ಮತ್ತು ಆ ವಿಷಯಗಳನ್ನು ಎಷ್ಟು ಸಲ ಮರಳಿ ಓದಬೇಕಾಯಿತು ಎಂಬುದು. ಈ ನಾಲ್ಕನೆಯದನ್ನು ಗಮನಿಸಿ. ಫೇಲಾದರೆ ಮತ್ತೊಮ್ಮೆ ಕಟ್ಟಿದರಾಯಿತು ಎಂಬ ನಮ್ಮ ಅಭ್ಯಾಸ ಅಲ್ಲಿ ನಡೆಯದು.

2007ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ, ಅರ್ಜಿದಾರರು ಹೆಚ್ಚಿದ್ದಲ್ಲಿ ಕಾಲೇಜುಗಳು ಹಲವು ಅಂಶಗಳಿಗೆ ಅಂಕ ಕೊಟ್ಟು ಆಯ್ಕೆ ಮಾಡಬಹುದೆಂದು ಒಪ್ಪಿತು. ಹಿಂದಿನ ಪದವಿ, ಪೂರ್ವಸಿದ್ಧತಾ ವಿಷಯಗಳ ಅಂಕ, ಆರೋಗ್ಯ ಕ್ಷೇತ್ರದ ಕೆಲಸ ಅಥವಾ ಸ್ವಯಂಸೇವೆ, ಬಡತನ ಅಥವಾ ಕುಟುಂಬದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರೆಂಬಂಥ ಜೀವನ ಸಂದರ್ಭ, ಇವೆಲ್ಲ ಅದರಲ್ಲಿ ಸೇರಿವೆ. ಇಂಗ್ಲಿಷೇತರ ಭಾಷೆಯ ಪ್ರಾವೀಣ್ಯವೂ ಒಂದು ಅಂಶ. ಕಾನೂನು ಹೆಸರಿಸುವ ಭಾಷೆಗಳಲ್ಲಿ ಅರೇಬಿಕ್, ಚೀನಿ, ಸ್ಪ್ಯಾನಿಷ್‌ಗಳ ಜೊತೆಗೆ ಭಾರತ ಉಪಖಂಡದ ವಿವಿಧ ಭಾಷೆಗಳೂ ಇವೆ. ಮನೆಯಲ್ಲಿ ಉರ್ದುವೋ ಬ್ಯಾರಿಯೋ ನವಾಯತಿಯೋ ಮಾತನಾಡಿ, ಶಾಲೆಯಲ್ಲಿ ಕನ್ನಡ ಕಲಿತು ಹೋದ ನಮ್ಮ ಹುಡುಗಿಗೆ ಅದು ಅಂಕ ತರಬಹುದು. ಅದನ್ನು ಹೇಗೆ ಸಾಬೀತುಪಡಿಸಬೇಕೆಂಬ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ, ಕೇಳಿ ತಿಳಿದುಕೊಳ್ಳಬೇಕು.

ತಯಾರಿ ಎಲ್ಲಿಂದ ಆರಂಭ?

ಎರಡು ವರ್ಷದ ಕೋರ್ಸು ಎಂಬ ಮಾತಿನಲ್ಲಿ ಅಡಗಿರುವ ಸಂಗತಿ ಇದು: ಆ ಎರಡು ವರ್ಷ ಶುರುವಾಗುವ ಮುನ್ನ ಒಂದರಿಂದ ಎರಡು ವರ್ಷದ ಓದು ಬೇಕಾಗುತ್ತದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಈ ಮೂರನ್ನು ಲ್ಯಾಬ್ ಸಮೇತ ಮುಗಿಸಿರಬೇಕು. ಇಂಗ್ಲಿಷ್ ಬರವಣಿಗೆ, ಮನಶ್ಶಾಸ್ತ್ರ, ಬೀಜಗಣಿತ ಅಥವಾ ಸಂಖ್ಯಾಶಾಸ್ತ್ರ ಕೂಡ ಸಾಮಾನ್ಯವಾಗಿ ಇರುತ್ತವೆ. ಕೆಲವು ಕಡೆ ರಸಾಯನಶಾಸ್ತ್ರವೂ ಬೇಕು. ನಮ್ಮ ಪಿ.ಯು.ಸಿ. ವಿಜ್ಞಾನದ ಅಂಕಗಳು ಇವುಗಳ ಬದಲಿಗೆ ನಿಲ್ಲುತ್ತವೆಂದು ನಂಬಿ ಕೂರಬೇಡಿ. ಅನೇಕ ಕಾಲೇಜುಗಳು ವಿಜ್ಞಾನ ವಿಷಯಗಳಿಗೆ ಐದು ಅಥವಾ ಏಳು ವರ್ಷಗಳ ಅವಧಿ ಹಾಕಿವೆ. ಅದಕ್ಕಿಂತ ಹಳೆಯದಾದರೆ ಮತ್ತೆ ಓದಬೇಕು. ಮನೆ, ಮಕ್ಕಳು ಎಂದು ಒಂದೊಂದೇ ವಿಷಯ ಮುಗಿಸುತ್ತ ಹೋದಾಕೆಗೆ ಕೊನೆಯ ವಿಷಯ ಮುಗಿಯುವ ಹೊತ್ತಿಗೆ ಮೊದಲನೆಯದು ಹಳತಾಗಿಬಿಡುವ ಅಪಾಯವಿದೆ. ಹಾಗಾಗಿ ಇಂಗ್ಲಿಷ್, ಮನಶ್ಶಾಸ್ತ್ರ ಮೊದಲು ಮುಗಿಸಿ, ವಿಜ್ಞಾನವನ್ನು ಅರ್ಜಿಗೆ ಹತ್ತಿರವಾಗಿ ಇಟ್ಟುಕೊಳ್ಳುವುದು ಜಾಣತನ.

ಬಳಿಕ ಪ್ರವೇಶ ಪರೀಕ್ಷೆ. ಹೆಚ್ಚಾಗಿ ಕೇಳಿಬರುವ ಹೆಸರುಗಳು ಎರಡು, ಟೀಸ್ ಮತ್ತು ಹೆಸಿ. ಟೀಸ್ ಪರೀಕ್ಷೆಯಲ್ಲಿ 170 ಪ್ರಶ್ನೆ, 209 ನಿಮಿಷ. ಓದಿ ಅರ್ಥ ಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಭಾಷಾ ಬಳಕೆ ಎಂದು ನಾಲ್ಕು ಭಾಗ. ವಿಜ್ಞಾನದ 50 ಪ್ರಶ್ನೆಗಳಿಗೆ 60 ನಿಮಿಷ. ಇಂಗ್ಲಿಷಿನ 37 ಪ್ರಶ್ನೆಗಳಿಗೆ 37 ನಿಮಿಷ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳಲ್ಲಿ ನೂರಕ್ಕೆ 62 ಎಂಬ ಕನಿಷ್ಠ ಮಟ್ಟ ರೂಢಿಯಲ್ಲಿದೆ. ಆದರೆ ಅಂಕ ಲೆಕ್ಕಹಾಕಿ ಆರಿಸುವಲ್ಲಿ ಕನಿಷ್ಠದಿಂದ ಸೀಟು ಸಿಗದು. ಗಣಿತ ಹೈಸ್ಕೂಲ್ ಮಟ್ಟದ್ದೇ: ಭಿನ್ನರಾಶಿ, ದಶಮಾಂಶ, ಶೇಕಡಾ, ಅನುಪಾತ. ನಮ್ಮಲ್ಲಿ ಓದಿದವರು ಇದನ್ನು ಹಗುರವಾಗಿ ಕಾಣುತ್ತಾರೆ. ಎಡವುವುದು ಓದುವ ಭಾಗದಲ್ಲಿ, ಸಮಯ ಸಾಲದೆ. ದಿನವೂ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ಓದಿ, ಅದರ ಸಾರವನ್ನು ನಾಲ್ಕು ವಾಕ್ಯದಲ್ಲಿ ಬರೆಯುವ ರೂಢಿ ಇಂದೇ ಹಾಕಿಕೊಳ್ಳಬಹುದು.

ಗಣಿತವನ್ನು ಮರೆಯಬಾರದೆನ್ನುವುದಕ್ಕೆ ಕಾರಣ ಬೇರೆಯೇ ಇದೆ. ಸೀಟು ಸಿಕ್ಕ ಮೇಲೆ ಔಷಧ ಪ್ರಮಾಣದ ಲೆಕ್ಕದ ಪರೀಕ್ಷೆ ಬರುತ್ತದೆ. ಹಲವು ಕಡೆ ನೂರಕ್ಕೆ 90ಕ್ಕಿಂತ ಕಡಿಮೆ ಬಂದರೆ ವಾರ್ಡಿಗೆ ಬಿಡುವುದಿಲ್ಲ. ಉದಾಹರಣೆಗೆ, 1,000 ಮಿಲಿ ಲೀಟರ್ ದ್ರವವನ್ನು 8 ಗಂಟೆಗಳಲ್ಲಿ ಕೊಡಬೇಕು, ಡ್ರಿಪ್ ನಳಿಕೆಯಲ್ಲಿ ಒಂದು ಮಿಲಿ ಲೀಟರ್‌ಗೆ 15 ಹನಿ. ನಿಮಿಷಕ್ಕೆ ಎಷ್ಟು ಹನಿ? ಗಂಟೆಗೆ 125 ಮಿಲಿ ಲೀಟರ್. ಅದನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 31 ಹನಿ. ವಿದ್ಯಾರ್ಥಿಗಳೇ, ಒಮ್ಮೆ ಕಾಗದದ ಮೇಲೆ ನೀವೇ ಮಾಡಿ ನೋಡಿ. ದಶಮಾಂಶದ ಚುಕ್ಕೆ ಒಂದು ಸ್ಥಾನ ಜಾರಿದರೆ ಹತ್ತು ಪಟ್ಟು ಔಷಧ ಹೋಗುತ್ತದೆ.

ನರ್ಸಿಂಗ್ ಅಸಿಸ್ಟೆಂಟ್ ತರಬೇತಿಯನ್ನು ಕೆಲವು ಕಾಲೇಜುಗಳು ಮೊದಲೇ ಕೇಳುತ್ತವೆ. ಕೇಳದಿದ್ದರೂ ಮಾಡುವುದು ಒಳ್ಳೆಯದು. ಕೆಲವೇ ವಾರಗಳಲ್ಲಿ ಮುಗಿಯುವ ಈ ತರಬೇತಿಯಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಮಗ್ಗುಲು ತಿರುಗಿಸುವುದು, ಮಲಮೂತ್ರ ಶುಚಿ ಮಾಡುವುದು ಇರುತ್ತದೆ. ಈ ಕೆಲಸ ತನ್ನಿಂದ ಆಗುವುದೇ ಇಲ್ಲವೇ ಎಂದು ಎರಡು ವರ್ಷ ಖರ್ಚು ಮಾಡುವ ಮೊದಲೇ ತಿಳಿಯುತ್ತದೆ. ಆಯ್ಕೆಯಾದ ಮೇಲೆ ಲಸಿಕೆಗಳ ದಾಖಲೆ, ಕ್ಷಯ ಪರೀಕ್ಷೆ, ಅಪರಾಧ ಹಿನ್ನೆಲೆಯ ತಪಾಸಣೆ, ಜೀವರಕ್ಷಕ ತರಬೇತಿಯ ಪ್ರಮಾಣಪತ್ರ ಇವೆಲ್ಲ ಬೇಕು. ಬಾಲ್ಯದ ಲಸಿಕೆ ಕಾರ್ಡು ಊರಿನ ಮನೆಯ ಕಪಾಟಿನಲ್ಲಿದ್ದರೆ ಅದನ್ನೂ ಒಯ್ಯಲಿ.

ಒಂದು ಎಚ್ಚರಿಕೆ. ಸಾಲು ಉದ್ದವಾದಲ್ಲಿ ಅಡ್ಡದಾರಿ ತೋರಿಸುವವರೂ ಬರುತ್ತಾರೆ. 2023ರ ಜನವರಿಯಲ್ಲಿ ಅಮೆರಿಕದ ಕೇಂದ್ರ ತನಿಖಾಧಿಕಾರಿಗಳು ಫ್ಲಾರಿಡಾದ ಮೂರು ಖಾಸಗಿ ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳು ಮಾರಾಟವಾಗಿವೆ ಎಂದು 25 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಕಾರ್ಯಾಚರಣೆಗೆ ಇಟ್ಟ ಹೆಸರು ನೈಟಿಂಗೇಲ್. ಡಿಪ್ಲೊಮಾ ಕೊಂಡವರಲ್ಲಿ ಸುಮಾರು 2,400 ಮಂದಿ ಲೈಸೆನ್ಸ್ ಪರೀಕ್ಷೆಯನ್ನೂ ಪಾಸು ಮಾಡಿದ್ದರೆಂದು ಅಧಿಕಾರಿಗಳು ಹೇಳಿದರು. ಅನೇಕರು ಸಾವಿರಾರು ಡಾಲರ್ ತೆತ್ತು, ಕೊನೆಗೆ ಲೈಸೆನ್ಸನ್ನೂ ಕಳೆದುಕೊಂಡರು. ಯಾವುದೇ ಶಾಲೆಗೆ ಹಣ ಕಟ್ಟುವ ಮುನ್ನ ಆ ರಾಜ್ಯದ ನರ್ಸಿಂಗ್ ಮಂಡಳಿಯ ಮಾನ್ಯತೆ ಇದೆಯೇ ಎಂದು ಮಂಡಳಿಯಲ್ಲಿಯೇ ವಿಚಾರಿಸಬೇಕು. ಅದರ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದಾರೆ ಎಂಬ ಅಂಕಿಯನ್ನೂ ಅಲ್ಲಿ ಕೇಳಬಹುದು.

ಆ ಲೈಸೆನ್ಸ್ ಪರೀಕ್ಷೆಯೇ ಎನ್‌ಕ್ಲೆಕ್ಸ್. 1982ರಿಂದ ಈ ಹೆಸರಿನಲ್ಲಿ ನಡೆಯುತ್ತಿದೆ; 1994ರಿಂದ ಕಂಪ್ಯೂಟರಿನಲ್ಲಿ. ಉತ್ತರ ಸರಿಯಾದಂತೆ ಮುಂದಿನ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ. 2023ರ ಏಪ್ರಿಲಿನಲ್ಲಿ ಅದರ ರೂಪ ಬದಲಾಗಿ, ಒಬ್ಬ ರೋಗಿಯ ಸ್ಥಿತಿಯನ್ನು ಹಂತ ಹಂತವಾಗಿ ಕೊಟ್ಟು ನಿರ್ಣಯ ಕೇಳುವ ಪ್ರಶ್ನೆಗಳು ಸೇರಿದವು. 85ರಿಂದ 150 ಪ್ರಶ್ನೆ, ಐದು ಗಂಟೆ. ಏನು ನೋಡಿದಿರಿ, ಏಕೆ ಹಾಗೆ ಮಾಡಿದಿರಿ ಎಂದು 1952ರ ಚರ್ಚೆಗಳಲ್ಲಿ ಕೇಳುತ್ತಿದ್ದುದನ್ನೇ ಈಗ ಯಂತ್ರ ಕೇಳುತ್ತಿದೆ. 2004ರಲ್ಲಿ ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡ ಮೊಂಟಾಗ್ ಅದನ್ನು ನೋಡಲಿಲ್ಲ.

ಇನ್ನು ಊರಿನಿಂದ ಹೊರಡುವವರಿಗೆ ಒಂದು ಮಾತು. ಹೊರದೇಶದ ಅಂಕಪಟ್ಟಿಗಳನ್ನು ಅಲ್ಲಿನ ಕಾಲೇಜುಗಳು ನೇರವಾಗಿ ಓದುವುದಿಲ್ಲ. ಮೌಲ್ಯಮಾಪನ ಸಂಸ್ಥೆಯೊಂದರ ಮೂಲಕ ಹೋಗಬೇಕು. ಅದು ಕೇಳುವುದು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳು ತಾವೇ ಲಕೋಟೆಯಲ್ಲಿಟ್ಟು ಮೊಹರು ಮಾಡಿ ಕಳುಹಿಸಿದ ಟ್ರಾನ್ಸ್‌ಕ್ರಿಪ್ಟನ್ನು. ಅಲ್ಲಿಂದ ಇದನ್ನು ತರಿಸಿಕೊಳ್ಳಲು ಊರಿನಲ್ಲಿರುವ ಅಣ್ಣನೋ ಮಾವನೋ ವಿಶ್ವವಿದ್ಯಾಲಯದ ಕಚೇರಿಗೆ ನಾಲ್ಕಾರು ಸಲ ಅಲೆಯಬೇಕಾಗುತ್ತದೆ, ಅಷ್ಟರಲ್ಲಿ ಅರ್ಜಿಯ ದಿನಾಂಕ ದಾಟಿರುತ್ತದೆ. ಅನೇಕ ಕಾಲೇಜುಗಳಲ್ಲಿ ನರ್ಸಿಂಗ್ ಅರ್ಜಿ ಹಾಕುವ ಅವಕಾಶ ವರ್ಷಕ್ಕೆ ಒಂದೋ ಎರಡೋ ಸಲ, ಕೆಲವೇ ವಾರಗಳು. ವಿಮಾನ ಹತ್ತುವ ಮೊದಲೇ ಆ ಲಕೋಟೆಗಳನ್ನು ಎರಡು ಪ್ರತಿ ಮಾಡಿಸಿಕೊಳ್ಳಿ, ಒಂದನ್ನು ಊರಿನ ಮನೆಯಲ್ಲಿಡಿ, ಇನ್ನೊಂದನ್ನು ಕೈಚೀಲದಲ್ಲಿಟ್ಟು ಒಯ್ಯಿರಿ; ಮೊಹರನ್ನು ಮಾತ್ರ ಒಡೆಯಬೇಡಿ.